ಕಿವಿ ಇಲ್ಲದ ಮೊಗ

ನಮ್ಮ ಕೇರಿಯಿಂದಾಚೆ ಊರಿಲ್ಲ, ಸಮುದ್ರ. ತೆಂಗಿನಗುಂಡಿಯ ಬಂದರಿನಿಂದ ಸ್ವಲ್ಪ ದೂರ ನಡೆದರೆ ನಮ್ಮ ಮನೆಗಳು, ಅದರಾಚೆ ಬಲೆ ಒಣಗಿಸುವ ಮರಳು, ಅಷ್ಟೇ. ಇದೊಂದೇ ಕಾರಣಕ್ಕೆ ಮೇಲಿನ ಊರುಗಳ ಹೆದರಿಕೆಯೆಲ್ಲ ಕಡೆಗೆ ನಮ್ಮ ಕೇರಿಗೇ ಬಂದು ಸೇರುತ್ತಿತ್ತು. ಎಲ್ಲಾದರೂ ದಡಾರವೋ ವಾಂತಿಭೇದಿಯೋ ಎದ್ದರೆ ಅಲ್ಲಿನವರು ಮರದಲ್ಲಿ ಮಾರಿಯ ಮೊಗ ಕೆತ್ತಿಸಿ, ಪೂಜೆ ಮಾಡಿ, ಎಡೆ ಇಟ್ಟು, ಕೆಂಪು ಬಟ್ಟೆ ಸುತ್ತಿ ತಮ್ಮ ಗಡಿಯಾಚೆ ಇಳಿಸಿ ಹೋಗುತ್ತಿದ್ದರು. ಇಳಿಸಿದವರು ಹಿಂತಿರುಗಿ ನೋಡಬಾರದು. ಮುಂದಿನ ಊರಿನವರು ಅದನ್ನು ತಮ್ಮ ಗಡಿ ದಾಟಿಸುತ್ತಿದ್ದರು. ಹೀಗೆ ದಾಟಿ ದಾಟಿ ಬಂದ ಮೊಗವನ್ನು ನಮ್ಮವರು ದೋಣಿಯಲ್ಲಿ ಒಯ್ದು ನೀರಿಗೆ ಬಿಡುತ್ತಿದ್ದರು. ನಮಗೆ ದಾಟಿಸಲು ಇನ್ನೊಂದು ಊರಿರಲಿಲ್ಲ.

ನಾನು ಸಣ್ಣವಳಿದ್ದಾಗ ಒಮ್ಮೆ ಅದು ಬಂತು. ಬರುವ ಹೊತ್ತಿಗೆ ಕೇರಿಯ ಬಾಗಿಲೆಲ್ಲ ಮುಚ್ಚಬೇಕು, ಯಾರೂ ಉಸಿರೆತ್ತಬಾರದು, ಹೆಂಗಸರು ಮಕ್ಕಳು ನೋಡಲೇಬಾರದು. ಬೇಡ ಅಂದರೆ ಮೊದಲು ಅದನ್ನೇ ಮಾಡುವ ಹುಡುಗಿ ನಾನು. ಬಾಗಿಲ ಹಲಗೆಯ ಸಂದಿಗೆ ಕಣ್ಣು ಒತ್ತಿ ನಿಂತೆ. ಹೊತ್ತವನು ಹೆಗಲು ಬದಲಿಸಲು ನಮ್ಮ ಅಂಗಳದ ಎದುರೇ ನಿಂತ. ಬಟ್ಟೆ ಜಾರಿದ ಜಾಗದಲ್ಲಿ ಎರಡು ಕಣ್ಣು ಮಾತ್ರ ಕಂಡವು. ರೆಪ್ಪೆಯಿಲ್ಲ, ಸುತ್ತ ಗೆರೆಯ ಮೇಲೆ ಗೆರೆ. ಅದು ನನ್ನನ್ನು ನೋಡಿತು. ನೋಡಿದ ಹಾಗೆ ಅನಿಸಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು, ಆದರೆ ನಾನು ಹಾಗೆ ಬರೆಯಲಾರೆ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ. ಅವ್ವ ಎಷ್ಟು ಬೈದರೂ ಕಾರಣ ಹೇಳಲಿಲ್ಲ.

ಆಮೇಲೆ ಆ ಪದ್ಧತಿ ತಾನಾಗಿ ನಿಂತುಹೋಯಿತು. ಲಸಿಕೆ ಬಂತು, ಡಾಕ್ಟರು ಬಂದರು. ಮತ್ತೆ ಎದ್ದದ್ದು ಕೊರೊನಾ ಬಂದ ವರ್ಷ. ಬಸ್ಸಿಲ್ಲ, ಹೆದ್ದಾರಿಯಲ್ಲಿ ಪೊಲೀಸರು. ಆದರೂ ಒಂದು ಮೊಗ ಗದ್ದೆಯ ಬದುಗಳ ಮೇಲೆ ಊರೂರು ದಾಟಿ ಬಂದು, ಯಾರದೋ ದೋಣಿ ಹತ್ತಿ ನೀರು ಸೇರಿತಂತೆ. ನಮ್ಮ ಮನೆಯಲ್ಲಿ ಅದನ್ನು ವಿಚಾರಿಸುವ ಸ್ಥಿತಿ ಇರಲಿಲ್ಲ. ಅಪ್ಪ ಆಗ ಆಸ್ಪತ್ರೆಯಲ್ಲಿದ್ದ, ತಿರುಗಿ ಬರಲಿಲ್ಲ. ಸುತ್ತಿ ಕಟ್ಟಿದ್ದನ್ನು ದೂರದಿಂದ ತೋರಿಸಿದರು, ಮುಖ ನೋಡಲು ಬಿಡಲಿಲ್ಲ. ಅವತ್ತಿನಿಂದ ಮನೆಯಲ್ಲಿ ಯಾರು ಸೀನಿದರೂ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಹಣೆ ಮುಟ್ಟುತ್ತಾಳೆ. ಮನೆಯಲ್ಲಿ ಈಗ ಅವ್ವ, ನಾನು, ನನ್ನ ತಮ್ಮ, ಅವನ ಹೆಂಡತಿ, ಅವರ ಮಗಳು. ಮಗಳು ಅಂಗನವಾಡಿ ಮುಗಿಸಿ ಒಂದನೇ ಕ್ಲಾಸಿಗೆ ಸೇರಿದವಳು, ನನ್ನ ಬೆನ್ನು ಬಿಡದವಳು.

ನಾನು ಹೊನ್ನಾವರದಲ್ಲಿ ಬಾಗಿಲು ಮಾಡುವ ಒಂದು ಅಂಗಡಿಯಲ್ಲಿ ಡಿಸೈನ್ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಗೆರೆ ಎಳೆದುಕೊಟ್ಟರೆ ಯಂತ್ರ ಅದನ್ನು ಸಾಗವಾನಿಯ ಮೇಲೆ ಕೊರೆಯುತ್ತದೆ. ಹೇಳಲು ದೊಡ್ಡ ಕೆಲಸ. ಮಾಡುವುದು ಮಾತ್ರ ಅದೇ ನವಿಲು, ಅದೇ ಕಮಲ, ಅದೇ ಗಣಪತಿ. ಬರುವವರಿಗೆ ಪಕ್ಕದ ಮನೆಯವರದ್ದೇ ಬಾಗಿಲು ಬೇಕು, ಆದರೆ ನವಿಲಿನ ಬಾಲ ಮಾತ್ರ ಅವರದ್ದಕ್ಕಿಂತ ಉದ್ದ ಇರಬೇಕು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಾಲೀಕರ ಎದುರೇ ಒಮ್ಮೆ, ಇನ್ನೊಂದು ನವಿಲು ಬರೆಸಿದರೆ ಕೆಲಸ ಬಿಟ್ಟು ಮೀನು ಮಾರಲು ಕೂರುತ್ತೇನೆ ಎಂದಿದ್ದೆ. ಅವರು ನಕ್ಕು, ಹಾಗಿದ್ದರೆ ನೀನೇ ಹೊಸತು ಏನಾದರೂ ತೋರಿಸು ಎಂದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಮಳೆಗಾಲದ ಬಂದ್ ಮುಗಿದು ದೋಣಿಗಳು ಇಳಿದ ಹೊಸತರಲ್ಲಿ ತಮ್ಮ ಒಂದು ದಿನ ಐಸ್ ಪೆಟ್ಟಿಗೆಯನ್ನು ನೇರ ನನ್ನ ಕೋಣೆಗೆ ತಂದ. ಮೀನಿನ ವಾಸನೆ ಕೋಣೆಗೇಕೆ ಎಂದು ಗದರಿದೆ. ಅವನು ತನ್ನ ಹಳೆ ಲುಂಗಿಯಲ್ಲಿ ಸುತ್ತಿದ್ದನ್ನು ತೆಗೆದು ಮಂಚದ ಮೇಲಿಟ್ಟ. ಬಲೆಗೆ ಸಿಕ್ಕಿತಂತೆ. ಯಾವುದೋ ಮೇಳದವರ ವೇಷದ ಸಾಮಾನಿರಬೇಕು ಎಂದ, ಹೇಳುವಾಗ ನನ್ನ ಮುಖ ನೋಡಲಿಲ್ಲ. ನೀರಿಗೆ ಬಿಟ್ಟದ್ದು ಬಲೆಗೆ ಬಂದರೆ ನಮ್ಮಲ್ಲಿ ಎತ್ತುವುದಿಲ್ಲ. ಅಷ್ಟು ಬಲೆಯನ್ನು ಕೊಯ್ದು, ಬಾಯಿ ಬಿಡದೆ, ಹಾಗೇ ಬಿಟ್ಟುಬಿಡುತ್ತಾರೆ. ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಎತ್ತಿದ ಕೂಡಲೇ ಅವನಿಗೆ ಮರದ ಹುಚ್ಚಿನ ಅಕ್ಕನ ನೆನಪಾಗಿತ್ತು.

"ನಿಂಗೆ ಬೇಕಾತೋ ಏನೋ ಅಂತ ತಂದೆ ಅಕ್ಕ," ಎಂದ. "ಅವ್ವಂಗೆ ಹೇಳ್ಬೇಡ."

ಲುಂಗಿ ಬಿಚ್ಚಿದೆ. ಬಣ್ಣವೆಲ್ಲ ತೊಳೆದುಹೋಗಿತ್ತು. ಮೂಗು ಸವೆದಿತ್ತು, ಬಾಯಿ ಒಂದು ತಗ್ಗಾಗಿ ಉಳಿದಿತ್ತು. ಕಣ್ಣು ಮಾತ್ರ ಹಾಗೇ ಇದ್ದವು. ಮರದ ಮೆತ್ತನೆಯ ಭಾಗವನ್ನು ಉಪ್ಪುನೀರು ತಿಂದು ಗಟ್ಟಿ ಭಾಗವನ್ನು ಬಿಟ್ಟದ್ದರಿಂದ ಕಣ್ಣಿನ ಸುತ್ತಲ ಗೆರೆಗಳು ಕೆತ್ತಿದಾಗ ಇದ್ದದ್ದಕ್ಕಿಂತ ಚೂಪಾಗಿದ್ದಿರಬೇಕು. ಹಲಗೆಯ ಸಂದಿಯಲ್ಲಿ ಕಂಡದ್ದು ಇದೇ ಮೊಗವಲ್ಲ ಎಂದು ನನಗೆ ಗೊತ್ತು. ಆದರೆ ಅದೇ ಕಣ್ಣು. ಹೊರಗೆ ಎಸೆದು ಬಾ ಎನ್ನಲು ಬಾಯಿ ತೆರೆದವಳು, ಬೆರಳಿನಿಂದ ಆ ಗೆರೆಗಳನ್ನು ಸವರುತ್ತ ಕೂತೆ.

ಆ ವಾರವೆಲ್ಲ ಯೋಚಿಸಿದ್ದು ಒಂದೇ. ನವಿಲಿನ ಬಾಗಿಲು ಕಂಡು ಯಾರೂ ನಿಲ್ಲುವುದಿಲ್ಲ, ಇದನ್ನು ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಏಕೆ? ಕೆತ್ತಿದವನು ಕಣ್ಣನ್ನು ಕೆತ್ತಿರಲೇ ಇಲ್ಲ. ಕಣ್ಣಿನ ಸುತ್ತ ಗೆರೆ ಹೊಡೆಯುತ್ತ ಬಂದು, ನಡುವೆ ಏನೂ ಮಾಡದೆ ಬಿಟ್ಟಿದ್ದ. ಆ ಬಿಟ್ಟ ಜಾಗವೇ ನೋಡುತ್ತಿತ್ತು. ಗೆರೆಗಳು ಒಂದಕ್ಕೊಂದು ಸಮ ದೂರದಲ್ಲೂ ಇರಲಿಲ್ಲ. ಹತ್ತಿರ ಹತ್ತಿರ ಹೊರಟು, ಕೆನ್ನೆಗೆ ಬರುವಾಗ ಅಗಲವಾಗಿ, ಗದ್ದದ ಬಳಿ ಮತ್ತೆ ಒತ್ತಾಗುತ್ತಿದ್ದವು. ಯಂತ್ರಕ್ಕೆ ಸಮ ದೂರ ಇಷ್ಟ. ಅದಕ್ಕೆ ಈ ಅಳತೆ ತಪ್ಪಿದ ಅಳತೆಯನ್ನು ಕಲಿಸುವುದರಲ್ಲಿ ನನಗೆ ಊಟದ ನೆನಪೂ ಇರುತ್ತಿರಲಿಲ್ಲ. ಹೆದರಿಕೆ ಹೋಗಿತ್ತು ಎಂದಲ್ಲ. ಮಂಚದ ಕೆಳಗಿನ ಟ್ರಂಕಿನಲ್ಲಿ ಅದನ್ನು ಹಳೆ ಸೀರೆಗಳ ಅಡಿ ಇಟ್ಟಿದ್ದೆ. ಗೆರೆ ನೋಡಲು ತೆಗೆದಾಗಲೆಲ್ಲ ಮೊದಲು ಬಾಗಿಲ ಚಿಲಕ ಹಾಕಿ, ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದೆ. ಆ ಹೆದರಿಕೆಯಿಂದಲೇ ಗೆರೆ ಚೆನ್ನಾಗಿ ಬರುತ್ತಿದೆ ಎಂದೂ ತಿಳಿದಿತ್ತು.

ಮೊಗವನ್ನು ಇದ್ದ ಹಾಗೇ ಬರೆಯಲಿಲ್ಲ. ಮೂಗು ಬಿಟ್ಟೆ, ಬಾಯಿ ಬಿಟ್ಟೆ. ಬರೀ ಗೆರೆ. ಗೊತ್ತಿಲ್ಲದವರಿಗೆ ಅಲೆ ಇಳಿದ ಮರಳಿನ ಹಾಗೆ ಕಾಣಬೇಕು ಎಂಬುದು ನನ್ನ ಲೆಕ್ಕ. ಒಂದೇ ಕಡೆ ತೊಡಕಾಯಿತು. ಕೆನ್ನೆ ದಾಟಿದ ಗೆರೆಗಳು ಮೊಗದ ಅಂಚಿಗೆ ಬಂದು ಸುಮ್ಮನೆ ನಿಂತುಬಿಡುತ್ತಿದ್ದವು. ಅಲ್ಲಿದ್ದದ್ದನ್ನು ನೀರು ತಿಂದಿರಬೇಕು ಎಂದುಕೊಂಡೆ. ಬಾಗಿಲಿನ ಅಗಲಕ್ಕೆ ಅದು ಬೋಳಾಗಿ ಕಂಡಿತು. ಎರಡೂ ಬದಿಗೆ ಶಂಖದ ಒಳಗಿನಂಥ ಒಂದೊಂದು ಸುರುಳಿ ಸೇರಿಸಿದೆ, ಆಳವಾಗಿ, ಬೆರಳು ಹೋಗುವಷ್ಟು. ಆಗ ಚಿತ್ರ ಕೂತಿತು.

ಮಾಲೀಕರು ಬಹಳ ಹೊತ್ತು ನೋಡಿ, ಚೆಂದ ಇದೆ, ಆದರೆ ಎಂತದು ಅಂತ ಕೇಳಿದರೆ ಏನು ಹೇಳುವುದು ಎಂದರು. ಸಮುದ್ರ ಅನ್ನಿ ಎಂದೆ. ಮೊದಲು ಭಟ್ಕಳ ಪೇಟೆಯಿಂದ ಬಂದ ನವಾಯತ ಮುಸ್ಲಿಂ ಅಜ್ಜಿಯೊಬ್ಬರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ ಒಮ್ಮೆ ನೋಡಿ, ಇದರಲ್ಲಿ ಸೂರತ್ ಇದೆಯಲ್ಲ, ಬಾಗಿಲಲ್ಲಿ ಮುಖ ನಮ್ಮಲ್ಲಿ ಆಗುವುದಿಲ್ಲ, ನಮಗೆ ಬಳ್ಳಿ ಸಾಕು ಎಂದು ಪುಟ ತಿರುಗಿಸಿದರು. ನಾನು ಅಡಗಿಸಿಟ್ಟ ಮುಖವನ್ನು ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕಂಡಿದ್ದರು. ಆಮೇಲೆ ಕುಮಟಾದಿಂದ ಗಂಡ ಹೆಂಡತಿ ಬಂದರು. ಹೊಸ ಮನೆ, ಕೈಗೂಸಿನ ವಯಸ್ಸು ದಾಟಿ ನಡೆದಾಡುವ ಒಬ್ಬ ಮಗಳು. ಆಕೆ ಬೇರೆ ಯಾವುದನ್ನೂ ನೋಡಲಿಲ್ಲ, ಇದೇ ಇರಲಿ ಎಂದಳು. ದೀಪಾವಳಿಯ ಮೊದಲು ಬಾಗಿಲು ಅವರ ದಾರಂದದ ಚೌಕಟ್ಟಿಗೆ ಕೂತಿತು.

ಕೂರಿಸಿದ ಬಾಗಿಲಿನ ಫೋಟೋವನ್ನು ಮನೆಯಲ್ಲಿ ಹೆಮ್ಮೆಯಿಂದ ನೋಡುತ್ತಿದ್ದೆ. ತಮ್ಮನ ಮಗಳು ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, "ಅತ್ತೆ, ಇದು ಯಾರು?" ಎಂದಳು.

ಎಂತದು ಎಂದು ಕೇಳಲಿಲ್ಲ. ಯಾರು ಎಂದು ಕೇಳಿದಳು. ಬಾಗಿಲು ಮಗಾ ಎಂದೆ. ಅವಳು ಅದನ್ನು ಒಪ್ಪದೆ, ಫೋನನ್ನು ಮೇಲೆ ಕೆಳಗೆ ಮಾಡಿ ನೋಡಿ, ನನ್ನ ಹೆಗಲು ಬಿಟ್ಟು ಒಳಗೆ ಹೋದಳು.

ಚಳಿ ಕಳೆದು ಸೆಕೆ ಏರುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಮರುದಿನ ಹೊಟ್ಟೆಯ ಮೇಲೆ ನೀರು ತುಂಬಿದ ಗುಳ್ಳೆ. ಡಾಕ್ಟರು ಚಿಕನ್‌ಪಾಕ್ಸ್ ಎಂದರು, ಅವಳ ಕ್ಲಾಸಿನ ಮಕ್ಕಳಿಗೂ ಬಂದಿದೆ ಎಂದರು, ಔಷಧಿ ಕೊಟ್ಟರು. ಅವ್ವನ ಪಾಲಿಗೆ ಅದು ಅಮ್ಮ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಒಗ್ಗರಣೆ ನಿಂತಿತು, ಮೀನು ನಿಂತಿತು, ತಮ್ಮ ಕಡಲಿಗೆ ಹೋಗುವುದು ನಿಂತಿತು. ಮೀನು ಕಾಯಿಸದ ನಮ್ಮ ಮನೆ ಯಾರದೋ ಮನೆಯ ಹಾಗೆ ಇತ್ತು. ಇಷ್ಟಾದರೂ ನಾನು ಧೈರ್ಯದಲ್ಲೇ ಇದ್ದೆ, ಮಕ್ಕಳಿಗೆ ಬರುವುದೇ ಎಂದು ತಮ್ಮನ ಹೆಂಡತಿಗೆ ಸಮಾಧಾನ ಹೇಳುತ್ತಿದ್ದೆ. ಆದರೆ ಜ್ವರ ಇಳಿಯಲಿಲ್ಲ. ಮಗು ನೀರು ಕುಡಿಯುವುದನ್ನು ಬಿಟ್ಟಿತು, ಉಸಿರು ಎಳೆದು ಎಳೆದು ಬಿಡತೊಡಗಿತು. ನಾಳೆಗೂ ಹೀಗೇ ಇದ್ದರೆ ಉಡುಪಿಗೆ ಒಯ್ಯಿರಿ ಎಂದು ಡಾಕ್ಟರು ಹೇಳಿದಾಗ ತಮ್ಮನ ಹೆಂಡತಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಅಪ್ಪನನ್ನೂ ಹೀಗೇ ಒಂದು ವಾಹನಕ್ಕೆ ಹತ್ತಿಸಿ ಕಳಿಸಿದ್ದೆವು.

ಗುಳ್ಳೆ ಉಜ್ಜದಂಥ ಮೆತ್ತನೆಯ ಹಳೆ ಸೀರೆ ಬೇಕೆಂದು ಅವ್ವ ನನ್ನ ಟ್ರಂಕು ತೆಗೆದಳು. ನಾನು ಅಡುಗೆಮನೆಯಲ್ಲಿ ಗಂಜಿ ಸೋಸುತ್ತಿದ್ದೆ. ಸದ್ದೇ ಇಲ್ಲದ್ದು ನೋಡಿ ಹೋದೆ. ಅವ್ವ ನೆಲದ ಮೇಲೆ ಕೂತಿದ್ದಳು, ಮೊಗ ಅವಳ ಮಡಿಲಲ್ಲಿತ್ತು. ಅವಳು ಅದರ ಕಣ್ಣು ನೋಡುತ್ತಿರಲಿಲ್ಲ. ಎರಡು ಕೈಯಲ್ಲಿ ಎರಡೂ ಬದಿ ಸವರುತ್ತಿದ್ದಳು, ಕುರುಡರು ಸವರುವ ಹಾಗೆ.

"ಕಿವಿ ಇಲ್ಲ ಕಾಣು," ಎಂದಳು. "ಮಾರಿ ಮೊಗಕ್ಕೆ ಕಿವಿ ಕೆತ್ತುದಿಲ್ಲ. ಹಿಂದಿಂದ ಯಾರಾದ್ರೂ ಕರದ್ರೆ ಕೇಳ್ಬಾರ್ದು, ತಿರ್ಗಿ ಬರ್ಬಾರ್ದು ಅಂತ."

ನಾನು ಮೊಗವನ್ನು ಅವಳ ಮಡಿಲಿಂದ ಕಿತ್ತುಕೊಂಡು ಎರಡೂ ಬದಿ ಮುಟ್ಟಿ ನೋಡಿದೆ. ಅವ್ವ ನನ್ನ ಹೆದರಿಕೆಯನ್ನು ಟ್ರಂಕಿನ ಗುಟ್ಟು ಬಯಲಾದದ್ದಕ್ಕೆ ಎಂದುಕೊಂಡಳು. ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ ಎಂಬ ಮಾತನ್ನು ಅವಳು ನನ್ನ ಮೇಲೆ ಎಷ್ಟು ಸಲ ಬಳಸಿದ್ದಾಳೋ, ಬೇಡದ ಜಗಳ ಮಾಡಿದಾಗಲೆಲ್ಲ ಅದೇ ಬೈಗುಳ. ಅವತ್ತು ಅದನ್ನು ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನ್ನ ತಲೆಯಲ್ಲಿ ಕುಮಟಾದ ಆ ಬಾಗಿಲು ನಿಂತಿತ್ತು. ಬೆರಳು ಹೋಗುವಷ್ಟು ಆಳದ ಎರಡು ಸುರುಳಿ. ಕೇಳದಿರಲಿ ಎಂದು ಯಾರೋ ಕೆತ್ತದೆ ಬಿಟ್ಟ ಕಿವಿಯನ್ನು ನಾನು ಚೆಂದಕ್ಕೆಂದು ಕೊರೆಸಿ ಕೊಟ್ಟಿದ್ದೆ.

ಮೊಗವನ್ನು ತಿರುಗಿ ನೀರಿಗೆ ಬಿಡಬೇಕು, ತಂದವನೂ ಇಟ್ಟುಕೊಂಡವಳೂ ಇಬ್ಬರೂ ಹೋಗಬೇಕು ಎಂದು ಅವ್ವ ತೀರ್ಮಾನಿಸಿದಳು. ನಮ್ಮಲ್ಲಿ ಹೆಂಗಸರು ಬಲೆಯ ದೋಣಿ ಹತ್ತುವುದಿಲ್ಲ. ಹತ್ತಿದರೆ ದೋಣಿಗೆ ಆಗುವುದಿಲ್ಲ ಎಂದು ಹೇಳಿಕೊಟ್ಟವಳೂ ಅವಳೇ. ಈಗ ಅವಳೇ ನನ್ನ ಕೈಯಲ್ಲಿ ಕೆಂಪು ಬಟ್ಟೆಯ ಗಂಟು ಇಟ್ಟಳು. ನಾನು ಗೆರೆ ತೆಗೆದ ಕಾಗದಗಳನ್ನೂ ಅದರೊಳಗೆ ತುರುಕಿದೆ. ಬೆಳಕು ಹರಿದ ಕೂಡಲೇ ಹೊರಟೆವು. ದಾರಿಯಲ್ಲಿ ಸಿಕ್ಕವರು ಗಂಟು ನೋಡಿದರು, ನನ್ನ ಮುಖ ನೋಡಿದರು, ಮಾತಾಡಿಸದೆ ಬದಿಗೆ ಸರಿದರು. ಸಣ್ಣಂದಿನಿಂದ ನನ್ನನ್ನು ಎತ್ತಿ ಆಡಿಸಿದವರು ಅವರೆಲ್ಲ.

ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ದೋಣಿ ಎದ್ದು ಎದ್ದು ಬಿತ್ತು. ಮಾತಾಡುವಂತಿಲ್ಲವಾದ್ದರಿಂದ ಹಿಡಿದುಕೋ ಎಂದು ತಮ್ಮ ಕೈಸನ್ನೆ ಮಾಡಿದ. ನಾನು ದೋಣಿಯ ಅಂಚನ್ನು ಬಿಟ್ಟು ಮೊಗವನ್ನೇ ಹಿಡಿದುಕೊಂಡಿದ್ದೆ. ದಡ ಒಂದು ಗೆರೆಯಾದ ಮೇಲೆ ಅವನು ಎಂಜಿನ್ ನಿಲ್ಲಿಸಿದ. ಗಂಟು ಬಿಚ್ಚಿ ಕಾಗದ ಬಿಟ್ಟೆ, ಆಮೇಲೆ ಮೊಗವನ್ನು ನೀರಿನ ಮೇಲಿಟ್ಟೆ. ಮುಳುಗಲಿಲ್ಲ. ಮುಖ ಮೇಲಾಗಿ ತೇಲಿತು. ನೋಡಬಾರದೆಂದು ಇಬ್ಬರೂ ಬೆನ್ನು ತಿರುಗಿಸಿ ಕೂತೆವು. ತಮ್ಮ ಎಂಜಿನ್ನಿನ ಹಗ್ಗ ಎಳೆದ, ಹಿಡಿಯಲಿಲ್ಲ. ಮತ್ತೆ ಎಳೆದ. ಆಗ ದೋಣಿಯ ಮೈಗೆ ಅದು ಬಂದು ಬಡಿಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿಯಿತು. ಯಾರೋ ಬಂದು ಬಾಗಿಲು ತಟ್ಟಿದ ಹಾಗೆ. ಅಲೆ ತಂದು ಬಡಿಯುತ್ತಿದೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ, ಹೇಳಿಕೊಳ್ಳುತ್ತಲೇ ತಮ್ಮನ ಅಂಗಿಯನ್ನು ಹಿಂದಿನಿಂದ ಹಿಡಿದೆ. ಹೋಗು ಎಂದು ಕೂಗಬೇಕೆನಿಸಿತು. ಕೂಗಿದರೂ ಅದಕ್ಕೆ ಕೇಳುವುದಿಲ್ಲ ಎಂಬುದು ಮಾತ್ರ ಆ ಹೊತ್ತಿನ ಆಸರೆಯಾಗಿತ್ತು. ಕಡೆಗೆ ಎಂಜಿನ್ ಹಿಡಿಯಿತು.

ನಾವು ಮನೆ ಮುಟ್ಟುವಾಗ ಮಗು ಹಾಗೇ ಮಲಗಿತ್ತು. ಸಂಜೆ ಎರಡು ಚಮಚ ಗಂಜಿನೀರು ಕುಡಿಯಿತು. ಮರುದಿನ ಜ್ವರ ಇಳಿಯಿತು, ಉಡುಪಿಗೆ ಹೋಗಬೇಕಾಗಲಿಲ್ಲ. ಅವ್ವ ಸಮುದ್ರಕ್ಕೆ ಕೈ ಮುಗಿದಳು, ತಮ್ಮನ ಹೆಂಡತಿ ಡಾಕ್ಟರಿಗೆ ಕೈ ಮುಗಿದಳು. ಎಲ್ಲಾ ಬಿಟ್ಟು ಬಂದ್ಯಲ್ಲ, ಎಂತದೂ ಉಳೀಲಿಲ್ಲ ಅಲ್ಲ ಎಂದು ಅವ್ವ ಕೇಳಿದಾಗ ಎಲ್ಲ ಆತು ಎಂದೆ. ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದ್ದೆ. ಮಾಲೀಕರು ಕೇಳಿದರೆ ಹಾಳಾಯಿತು ಎನ್ನುವುದೆಂದು ಗಟ್ಟಿಮಾಡಿಕೊಂಡಿದ್ದೆ. ಬಾಗಿಲಿನ ವಿಷಯ ಅವ್ವನಿಗೆ ಹೇಳಲಿಲ್ಲ. ಅವಳಿಗೆ ನಿದ್ದೆ ಬರತೊಡಗಿ ಎರಡು ದಿನವಾಗಿತ್ತಷ್ಟೆ.

ನಿದ್ದೆ ಬಾರದ್ದು ನನಗೆ. ಮಗುವಿನ ಗುಳ್ಳೆಗಳ ಹಕ್ಕಳೆ ಉದುರಿದ ಮೇಲೆ ಒಂದು ಭಾನುವಾರ ಕುಮಟಾದ ಬಸ್ಸು ಹತ್ತಿದೆ. ಪಾಲಿಶ್ ಹೇಗೆ ಕೂತಿದೆ ನೋಡಲು ಬಂದೆ ಎನ್ನುವುದು, ಸುರುಳಿ ಸರಿಯಾಗಿ ಬಂದಿಲ್ಲ, ಅದನ್ನು ತುಂಬಿಸಿ ಸಪಾಟು ಮಾಡಿಕೊಡುತ್ತೇವೆ ಎನ್ನುವುದು. ಶರಾವತಿಯ ಸೇತುವೆ ದಾಟುವಾಗಲೂ ಇದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ. ಗೇಟಿನಿಂದಲೇ ಬಾಗಿಲು ಕಂಡಿತು. ನನ್ನ ಕೆಲಸಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಬೆಳಗಿನ ಬಿಸಿಲು ಅಡ್ಡ ಬಿದ್ದು ಗೆರೆಗಳೆಲ್ಲ ಎದ್ದಿದ್ದವು, ನಡುವೆ ಏನೂ ಕೆತ್ತದ ಆ ಎರಡು ಜಾಗ ನಾನು ಬರುವುದನ್ನು ನೋಡುತ್ತಿದ್ದವು. ಸಣ್ಣಂದಿನಲ್ಲಿ ಹಲಗೆಯ ಹಿಂದೆ ನಿಂತಿದ್ದೆ. ಈಗ ನನ್ನ ಮತ್ತು ಅದರ ನಡುವೆ ಅಷ್ಟೂ ಇರಲಿಲ್ಲ. ಕಾಲು ಮುಂದೆ ಹೋಗಲಿಲ್ಲ.

ಮನೆಯಾಕೆಯೇ ಬಂದು ಬಾಗಿಲು ತೆರೆದು ಕರೆದಳು, ಚಾ ಕೊಟ್ಟಳು, ಬಂದವರೆಲ್ಲ ಎಲ್ಲಿ ಮಾಡಿಸಿದ್ದೆಂದು ಕೇಳುತ್ತಾರೆ ಎಂದಳು. ನಾನು ಪಾಠ ಒಪ್ಪಿಸಿದೆ. ಸುರುಳಿ ಮುಚ್ಚುವ ಮಾತಿಗೆ ಆಕೆ ತಲೆಯಾಡಿಸಿದಳು.

"ಬೇಡ್ರಾ," ಎಂದಳು. "ನಮ್ಮ ಹುಡ್ಗಿ ಎಂತ ಇದ್ರೂ ಅದ್ರ ಕಿವಿಲೇ ಹೇಳೂದು. ಎದ್ದ ಕೂಡ್ಲೆ ಅದೇ ಕೆಲ್ಸ."

ಕಿವಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ತನ್ನ ಮಾತು ಬಂತೆಂದು ಮಗು ಓಡಿಬಂದು, ಬಾಗಿಲಿಗೆ ಹೊಟ್ಟೆ ಒತ್ತಿ, ತುದಿಗಾಲಿನಲ್ಲಿ ನಿಂತು ಸುರುಳಿಗೆ ಬಾಯಿಟ್ಟಿತು. ಏನು ಹೇಳಿದೆ ಎಂದು ಕೇಳಿದೆ. "ಒಳಗೆ ಬಾ ಅಂದೆ," ಎಂದಿತು ಮಗು. ತಾಯಿ ನಕ್ಕಳು, ಇವಳು ಬೆಕ್ಕು ಕಾಗೆ ಎಲ್ಲರನ್ನೂ ಒಳಗೆ ಕರೆಯುವವಳೇ ಎಂದಳು.

ಹೇಳಿಬಿಡಬೇಕು ಎಂದು ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ನನಗೆ ಹಗುರಾಗುತ್ತಿತ್ತು, ಬಸ್ಸಿನಲ್ಲಿ ನಿದ್ದೆಯೂ ಬರುತ್ತಿತ್ತೇನೋ. ಆಕೆಗೆ ಮಾತ್ರ ಇನ್ನು ಈ ಮನೆಯಲ್ಲಿ ನಿದ್ದೆ ಇರುವುದಿಲ್ಲ. ಮಗು ಸೀನಿದರೆ ಬಾಗಿಲು ನೋಡುತ್ತಾಳೆ, ಬಾಗಿಲು ಕಿತ್ತು ಸುಟ್ಟರೂ ನೋಡುತ್ತಾಳೆ. ಅವ್ವ ನೋಡುವುದನ್ನು ನಾನು ದಿನಾ ಕಂಡವಳು. ಗಡಿಯಲ್ಲಿ ಮೊಗ ಇಳಿಸಿ ಹೋಗುವವರೂ ಮಾಡುತ್ತಿದ್ದದ್ದು ಇದೇ ಅಲ್ಲವೇ, ತಮ್ಮ ಹೆದರಿಕೆಯನ್ನು ಆಚೆ ಊರಿನ ಮಕ್ಕಳಿರುವ ಮನೆಗಳ ಎದುರು ಇಟ್ಟು ಹಗುರಾಗುತ್ತಿದ್ದರು. ನಾನು ಕಡೆಯ ಊರಿನವಳು. ನಮ್ಮಲ್ಲಿ ಬಂದದ್ದನ್ನು ದಾಟಿಸುವ ರೂಢಿಯಿಲ್ಲ. ಪಾಲಿಶ್ ಚೆನ್ನಾಗಿ ಕೂತಿದೆ ಎಂದು ಹೇಳಿ ಚಾ ಮುಗಿಸಿ ಎದ್ದೆ.

ಇಳಿಸಿದವರು ಹಿಂತಿರುಗಿ ನೋಡಬಾರದು. ನಾನು ಏನನ್ನೂ ಇಳಿಸಿರಲಿಲ್ಲ. ಗೇಟಿನ ಹತ್ತಿರ ನಿಂತು ತಿರುಗಿ ನೋಡಿದೆ. ಮಗು ಇನ್ನೂ ಸುರುಳಿಗೆ ಬಾಯಿಟ್ಟು ಏನೋ ಹೇಳುತ್ತಿತ್ತು.